ಸಸ್ಪೆನ್ಸ್ ಅಕೌಂಟಿನಲ್ಲಿ ಇಪ್ಪತ್ತೊಂದು ಕಿಲೋಮೀಟರ್

ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ಸಸ್ಪೆನ್ಸ್ ಅಕೌಂಟ್ ಅಂದರೆ ಏನೆಂದು ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಸಂಜೆ ಲೆಕ್ಕ ತಾಳೆಯಾಗುವುದಿಲ್ಲ, ಯಾವುದೋ ಒಂದು ಮೊತ್ತ ಯಾವ ತಲೆಬರಹದ ಕೆಳಗೆ ಹೋಗಬೇಕೆಂದು ಗೊತ್ತಾಗುವುದಿಲ್ಲ, ಮನೆಗೆ ಹೋಗುವ ಲೋಕಲ್ ತಪ್ಪಿಹೋಗುತ್ತದೆ. ಆಗ ಅದನ್ನು ತಾತ್ಕಾಲಿಕವಾಗಿ ಒಂದು ಕಡೆ ಇಟ್ಟು ಏಳುತ್ತೇವೆ. ಅದೇ ಸಸ್ಪೆನ್ಸ್. ನಾಳೆ ನೋಡಿದರಾಯಿತು ಎಂದು ಇಟ್ಟದ್ದು ಮೂರು ತಿಂಗಳು, ಆರು ತಿಂಗಳು ಹಾಗೇ ಕೂತಿರುತ್ತದೆ. ಇನ್ಸ್‌ಪೆಕ್ಷನ್‌ಗೆ ಬಂದವರು ಮೊದಲು ಬೆರಳಿಡುವುದು ಅಲ್ಲಿಗೇ. ಮೂವತ್ತೇಳು ವರ್ಷದ ಸರ್ವೀಸಿನಲ್ಲಿ ನನ್ನ ಶಾಖೆಯ ಸಸ್ಪೆನ್ಸ್ ಅಕೌಂಟಿನಲ್ಲಿ ಹಳೆಯ ಎಂಟ್ರಿ ಉಳಿಯಲು ನಾನು ಬಿಟ್ಟವನಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇನೆ, ಯಾಕೆಂದರೆ ಹೇಳಿಕೊಳ್ಳಲು ನನ್ನಲ್ಲಿ ಬೇರೆ ಹೆಚ್ಚೇನಿಲ್ಲ. ಹಾಗಿದ್ದವನ ಸ್ವಂತ ಖಾತೆಯಲ್ಲೇ ನಿವೃತ್ತಿಯ ನಂತರ ಒಂದು ಎಂಟ್ರಿ ನಾಲ್ಕು ವರ್ಷ ಇತ್ಯರ್ಥವಾಗದೆ ಕೂತಿತ್ತು. ಅದರ ಕಥೆ ಇದು.

ಕೋಟದ ಹತ್ತಿರದ ಹಳ್ಳಿಯವನು ನಾನು. ಮೈಸೂರಿನಲ್ಲಿ ಎಂ.ಕಾಂ. ಮುಗಿಸಿ 1980ರಲ್ಲಿ ಬ್ಯಾಂಕಿನ ಕೆಲಸಕ್ಕೆಂದು ಮುಂಬಯಿಗೆ ಬಂದವನು, ನಡುವೆ ಎರಡು ವರ್ಗಾವಣೆ ಬಿಟ್ಟರೆ ಇಲ್ಲೇ ಉಳಿದೆ. 2017ರಲ್ಲಿ ನಿವೃತ್ತನಾದ ಮೇಲೆ ಮೊದಲ ಆರು ತಿಂಗಳು ಬಹಳ ಸುಖವಾಗಿತ್ತು. ಏಳನೆಯ ತಿಂಗಳಿಗೆ ಹೆಂಡತಿ ಹೇಳಿದಳು: "ಹೋಯ್, ನೀವು ಬೆಳಿಗ್ಗೆ ಎದ್ದು ಅಡುಗೆಮನೆ ಇನ್ಸ್‌ಪೆಕ್ಷನ್ ಮಾಡುವುದು ನಿಲ್ಲಿಸಿ. ಎಲ್ಲಿಗಾದರೂ ಹೋಗಿ ಬನ್ನಿ." ನಮ್ಮ ಮನೆ ಬೊರಿವಲಿ ಪೂರ್ವದಲ್ಲಿ. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ ನಡೆದು ಹೋಗುವಷ್ಟು ಹತ್ತಿರ. ಬೆಳಗಿನ ವಾಕಿಂಗಿಗೆ ಪಾಸು ಮಾಡಿಸಿದೆ. ಊರು ಬಿಟ್ಟು ಮೂವತ್ತೇಳು ವರ್ಷವಾದ ಮೇಲೆ ಮೊದಲ ಸಲ ಮಣ್ಣಿನ ವಾಸನೆ ಮೂಗಿಗೆ ಬಂತು. ಚಿರತೆಗಳು ನಿಜವಾಗಿ ಇರುವ ಕಾಡು ಅದು. ಮಹಾನಗರದ ಹೊಟ್ಟೆಯೊಳಗೆ ಅಂಥದ್ದೊಂದು ಇದೆಯೆಂದರೆ ಊರಿನವರು ಇಂದಿಗೂ ನಂಬುವುದಿಲ್ಲ.

ನಡಿಗೆ ಓಟವಾದದ್ದು ಹೇಗೆಂದು ನನಗೇ ಸರಿಯಾಗಿ ಗೊತ್ತಿಲ್ಲ. ಗೇಟಿನಿಂದ ಕಾನ್ಹೇರಿ ಗುಹೆಗಳ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಓಟಗಾರರ ಗುಂಪು ಸಿಗುತ್ತಿತ್ತು. ಒಬ್ಬರು ಬಟ್ಟೆ ವ್ಯಾಪಾರದಿಂದ ನಿವೃತ್ತರಾದ ಗುಜರಾತಿ, ಇಬ್ಬರು ಕಾಲೇಜು ಹುಡುಗರು, ಒಬ್ಬರು ಮಲಯಾಳಿ ನರ್ಸ್. ಆಕೆ ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದು ಹತ್ತು ಕಿಲೋಮೀಟರ್ ಓಡಿ ಆಮೇಲೆ ಮನೆಗೆ ಹೋಗಿ ಮಲಗುವವರು. ಅವರ ಹಿಂದೆ ಹಿಂದೆ ಒಂದು ದಿನ ಐವತ್ತು ಹೆಜ್ಜೆ ಓಡಿದೆ, ಮರುದಿನ ನೂರು. 2019ರಲ್ಲಿ ನನ್ನ ಹುಟ್ಟುಹಬ್ಬಕ್ಕೆ ಪುಣೆಯಲ್ಲಿರುವ ಮಗಳು ನನ್ನನ್ನು ಕೇಳದೆಯೇ ಮುಂಬಯಿ ಮ್ಯಾರಥಾನಿನ ಹಾಫ್‌ಗೆ ಹೆಸರು ನೋಂದಾಯಿಸಿದಳು. ಪೂರ್ಣ ಮ್ಯಾರಥಾನ್ 42.195 ಕಿಲೋಮೀಟರ್, ಹಾಫ್ ಅಂದರೆ ಅದರ ಅರ್ಧ, 21 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಮುಂಬಯಿಯ ಓಟ ಆರಂಭವಾದದ್ದು 2004ರಲ್ಲಿ, ಜನವರಿಯ ಮೂರನೆಯ ಭಾನುವಾರ ನಡೆಯುವುದು ವಾಡಿಕೆ. ಹದಿನೈದು ವರ್ಷ ಅದನ್ನು ನಾನು ನೋಡಿದ್ದು "ಇವತ್ತು ರಸ್ತೆ ಬಂದ್" ಎಂಬ ದೃಷ್ಟಿಯಿಂದ ಮಾತ್ರ.

ಮಗಳು ಓಟದ ಜೊತೆಗೆ ಹಾಡುಗಳನ್ನೂ ಕಳಿಸಿದಳು. ಫೋನಿನಲ್ಲಿ ನಲವತ್ತೆರಡು ಹಾಡು, ಎಲ್ಲ ಹೊಸ ಹಿಂದಿ ಸಿನಿಮಾದವು, ಡೋಲು ಡ್ರಮ್ಮು ಅಬ್ಬರ. "ಅಪ್ಪಾ, ಇದನ್ನು ಕಿವಿಗೆ ಹಾಕಿಕೊಂಡರೆ ಕಾಲು ತಾನಾಗಿ ಓಡುತ್ತದೆ" ಎಂದಳು. ಸುಳ್ಳು ಹೇಳಲಿಲ್ಲ. ನಿಜವಾಗಿ ಓಡುತ್ತಿತ್ತು. ಒಂದು ಕಿಲೋಮೀಟರಿಗೆ ಒಂಬತ್ತು ನಿಮಿಷ ತೆಗೆದುಕೊಳ್ಳುತ್ತಿದ್ದವನು ಆ ಹಾಡುಗಳು ಕಿವಿಯಲ್ಲಿದ್ದರೆ ಏಳೂವರೆಗೆ ಬರುತ್ತಿದ್ದೆ. ಇಥಿಯೋಪಿಯಾದ ಹೈಲೆ ಗೆಬ್ರೆಸೆಲಾಸಿ 1998ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಒಳಾಂಗಣ 2000 ಮೀಟರಿನ ವಿಶ್ವದಾಖಲೆ ಮಾಡಿದಾಗ ಕ್ರೀಡಾಂಗಣದಲ್ಲಿ 'ಸ್ಕ್ಯಾಟ್‌ಮನ್' ಎಂಬ ಹಾಡು ಮೊಳಗುತ್ತಿತ್ತಂತೆ. ಅದರ ತಾಳಕ್ಕೆ ತನ್ನ ಹೆಜ್ಜೆ ಹೊಂದುತ್ತದೆಂದು ಆತ ಕೇಳಿ ಹಾಕಿಸಿಕೊಂಡದ್ದು. ಇದನ್ನು ಎಲ್ಲೋ ಓದಿದ ಮೇಲಂತೂ ನಾನು ವಿಜ್ಞಾನದ ಬೆಂಬಲವೇ ಸಿಕ್ಕಿತೆಂದು ಬೀಗಿದೆ. ಗೆಬ್ರೆಸೆಲಾಸಿ ಓಡಿದ್ದು ಐದು ನಿಮಿಷಕ್ಕಿಂತ ಕಡಿಮೆ, ನಾನು ಓಡಬೇಕಾದದ್ದು ಮೂರು ಗಂಟೆ ಎಂಬ ವ್ಯತ್ಯಾಸ ಹೊಳೆಯಲಿಲ್ಲ. ನರ್ಸ್ ಒಂದು ದಿನ ನನ್ನನ್ನು ನೋಡಿ ನಕ್ಕರು. "ಅಂಕಲ್, ಆಪ್ ಪೈರ್ ಸೇ ನಹೀಂ, ಕಾನ್ ಸೇ ಭಾಗ್ ರಹೇ ಹೋ." ಕಾಲಿನಿಂದಲ್ಲ, ಕಿವಿಯಿಂದ ಓಡುತ್ತಿದ್ದೀರಿ ಎಂದರ್ಥ. ನಾನು ಹೊಗಳಿಕೆ ಎಂದುಕೊಂಡೆ.

ಊರಿನಲ್ಲಿ ಅಮ್ಮನಿಗೆ ಫೋನಿನಲ್ಲಿ ವಿಷಯ ತಿಳಿಸಿದೆ. ಆಗ ಅಮ್ಮನಿಗೆ ಎಂಬತ್ತಾರು. "ಈ ಪ್ರಾಯದಲ್ಲಿ ಯಾರು ಅಟ್ಟಿಸಿಕೊಂಡು ಬಂದರು ಮಗಾ ನಿನ್ನನ್ನು?" ಎಂದು ಕೇಳಿದರು. ಆಮೇಲೆ ಸುಮ್ಮನಾಗಿ, ಸುಸೂತ್ರವಾಗಿ ಓಡಿ ಮುಗಿಸಿದರೆ ದೇವಸ್ಥಾನದಲ್ಲಿ ಒಂದು ರಂಗಪೂಜೆ ಮಾಡಿಸುತ್ತೇನೆಂದು ಅಮ್ಮನವರಿಗೆ ಹೇಳಿಕೊಂಡರು. ಇದು ನನಗೆ ಆಗ ಗೊತ್ತಿರಲಿಲ್ಲ.

2020ರ ಜನವರಿ 19. ಸಾವಿರಾರು ಜನ, ಕತ್ತಲೆ, ಎದೆಗೆ ನಂಬರಿನ ಚೀಟಿ, ಕಿವಿಯಲ್ಲಿ ಮಗಳ ಹಾಡು. ಮೊದಲ ಹತ್ತು ಕಿಲೋಮೀಟರ್ ನಾನು ಓಡಿದ್ದಲ್ಲ, ಹಾರಿದ್ದು. ನನಗಿಂತ ಇಪ್ಪತ್ತು ವರ್ಷ ಚಿಕ್ಕವರನ್ನು ಹಿಂದೆ ಹಾಕಿದೆ. ಹಿಂದೆ ಹಾಕುವಾಗ ಅವರ ಮುಖ ನೋಡುವ ಚಪಲವನ್ನೂ ಬಿಡಲಿಲ್ಲ. ಹಾಜಿ ಅಲಿ ದಾಟುವಾಗ ತೊಡೆ ಬಿಗಿಯತೊಡಗಿತು. ಅಲ್ಲಿಂದ ಮುಂದೆ ಪೆಡ್ಡರ್ ರೋಡಿನ ಏರು. ಮುಂಬಯಿ ಮ್ಯಾರಥಾನ್ ಓಡಿದ ಯಾರನ್ನು ಕೇಳಿದರೂ ಆ ಏರಿನ ಬಗ್ಗೆ ಒಂದು ನಿಟ್ಟುಸಿರು ಬಿಡುತ್ತಾರೆ. ಕಾರಿನಲ್ಲಿ ಹೋದರೆ ಏರು ಎಂದೇ ತಿಳಿಯುವುದಿಲ್ಲ. ಹದಿನೈದು ಕಿಲೋಮೀಟರ್ ಓಡಿದವನಿಗೆ ಅದು ಆಗುಂಬೆ. ಕಿವಿಯಲ್ಲಿ ಡೋಲು ಅದೇ ವೇಗದಲ್ಲಿ ಬಡಿಯುತ್ತಿದೆ, ಕಾಲು ಅದಕ್ಕೆ ಅರ್ಧವೂ ಬರುತ್ತಿಲ್ಲ. ಆಗ ಆ ಹಾಡು ಹುರಿದುಂಬಿಸುವ ಬದಲು ಬೈಯುತ್ತಿರುವ ಹಾಗೆ ಕೇಳತೊಡಗಿತು. ಮೀನಖಂಡ ಹಿಡಿದುಕೊಂಡಿತು. ಕೆಂಪ್ಸ್ ಕಾರ್ನರ್ ಹತ್ತಿರ ಫುಟ್‌ಪಾತಿನ ಮೇಲೆ ಕೂತೆ. ಸ್ವಯಂಸೇವಕರು ಬಂದು ಏನೋ ಸ್ಪ್ರೇ ಹೊಡೆದರು. ನಡೆದರೂ ಮುಗಿಸಬಹುದಿತ್ತು, ಉಳಿದದ್ದು ಸುಮಾರು ಆರು ಕಿಲೋಮೀಟರ್. ಸಮಯವೂ ಇತ್ತು. ಆದರೆ ನಾನು ಹಿಂದೆ ಹಾಕಿದ್ದವರೆಲ್ಲ ಒಬ್ಬೊಬ್ಬರಾಗಿ ಮುಂದೆ ಹೋಗುತ್ತಿದ್ದರು, ಒಬ್ಬಾತ "ಕಮ್ ಆನ್ ಅಂಕಲ್" ಎಂದ. ಸಹಿಸಲಾಗಲಿಲ್ಲ. ಎದ್ದು ಪಕ್ಕದ ರಸ್ತೆಗೆ ತಿರುಗಿ ನಾನಾ ಚೌಕದ ಮೂಲಕ ಗ್ರಾಂಟ್ ರೋಡ್ ಸ್ಟೇಷನ್ನಿಗೆ ಕುಂಟುತ್ತ ಹೋದೆ. ಕಾಲು ಸೋತದ್ದಕ್ಕೆ ಬಿಟ್ಟೆ ಎಂದು ಬಹಳ ಜನರಿಗೆ ಹೇಳಿದ್ದೇನೆ. ಬಿಟ್ಟದ್ದು ಮರ್ಯಾದೆಗೆ.

ಲೋಕಲ್ಲಿನಲ್ಲಿ ಭಾನುವಾರವಾದರೂ ಕೂರಲು ಜಾಗವಿರಲಿಲ್ಲ. ಎದೆಯ ನಂಬರ್ ತೆಗೆಯಲು ಮರೆತಿದ್ದೆ. ಒಬ್ಬ ಹುಡುಗ ಎದ್ದು ನಿಂತ. "ಅಂಕಲ್, ಬೈಠಿಯೇ. ಮ್ಯಾರಥಾನ್ ಪೂರಾ ಕಿಯಾ?" ನಾನು ತಲೆಯಾಡಿಸಿದೆ. ಸುತ್ತಲಿದ್ದ ನಾಲ್ಕಾರು ಜನ ಚಪ್ಪಾಳೆ ತಟ್ಟಿದರು. ನಲವತ್ತು ವರ್ಷದ ಮುಂಬಯಿ ವಾಸದಲ್ಲಿ ಲೋಕಲ್ಲಿನಲ್ಲಿ ನನಗೆ ಸೀಟು ಬಿಟ್ಟುಕೊಟ್ಟು ಚಪ್ಪಾಳೆ ತಟ್ಟಿದ್ದು ಅದೊಂದೇ ಸಲ. ಆ ಸೀಟಿನ ಮೇಲೆ ಬೊರಿವಲಿಯವರೆಗೆ ನಾನು ಹೇಗೆ ಕೂತೆನೆಂದು ನನಗೇ ಗೊತ್ತು.

ಮನೆಗೆ ಬಂದು ಹೆಂಡತಿಗೆ ನಿಜ ಹೇಳಿದೆ. ಆಕೆ ಬಿಸಿನೀರು ಕಾಯಿಸಿ ಕೊಟ್ಟಳು, ಏನೂ ಅನ್ನಲಿಲ್ಲ. ಅಷ್ಟರಲ್ಲಿ ಅಮ್ಮನ ಫೋನು. "ಎಂತ ಮಗಾ, ಓಡಿ ಆಯ್ತಾ?" "ಆಯ್ತಮ್ಮ" ಎಂದೆ. ತಾಂತ್ರಿಕವಾಗಿ ನೋಡಿದರೆ ಇದು ಸುಳ್ಳಲ್ಲ. ಓಟ ಆಗಿತ್ತು, ಮುಗಿದಿರಲಿಲ್ಲ ಅಷ್ಟೆ. ಬ್ಯಾಂಕಿನಲ್ಲಿ ಸಾಲಗಾರರು ಇಂಥ ಉತ್ತರ ಕೊಟ್ಟಾಗ ಕನ್ನಡಕದ ಮೇಲಿಂದ ನೋಡುತ್ತಿದ್ದವನು ನಾನು.

ಮುಂದಿನ ವಾರ ತಮ್ಮ ಫೋನು ಮಾಡಿದ. ಶುಕ್ರವಾರ ರಂಗಪೂಜೆ ಆಯಿತಂತೆ. ಅರುವತ್ತು ಜನಕ್ಕೆ ಊಟ. ಅಮ್ಮ ಬಂದವರಿಗೆಲ್ಲ ಮಗ ಮುಂಬಯಿಯಲ್ಲಿ ಇಪ್ಪತ್ತೊಂದು ಕಿಲೋಮೀಟರ್ ಓಡಿದ ಸುದ್ದಿ ಹೇಳಿದ್ದಾರೆ. ಕೋಟದಿಂದ ಬ್ರಹ್ಮಾವರ ದಾಟಿ ಆಚೆ ಎಂದು ಅಂದಾಜಿಗೆ ತಿಳಿಸಿದ್ದಾರೆ. ಖರ್ಚು ಅಮ್ಮನ ಪಿಂಚಣಿಯ ಉಳಿತಾಯದ್ದು. ನಾನು ಕೊಡುತ್ತೇನೆಂದರೆ ಬೇಡ ಎಂದರಂತೆ, "ಹರಕೆ ಹೇಳಿಕೊಂಡವಳು ನಾನು."

ಅಲ್ಲಿಗೆ ಎಂಟ್ರಿ ಬಿತ್ತು. ಡೆಬಿಟ್ ಆಗಿದೆ, ವೋಚರ್ ಇಲ್ಲ.

ಮಾರ್ಚಿನಲ್ಲಿ ಕೊರೊನಾ. ಉದ್ಯಾನ ಮುಚ್ಚಿತು. ನಮ್ಮ ಬಿಲ್ಡಿಂಗಿನ ಟೆರೇಸಿನ ಮೇಲೆ ನೀರಿನ ಟ್ಯಾಂಕಿಗೆ ಸುತ್ತು ಬರುತ್ತಿದ್ದೆ, ಇಪ್ಪತ್ತೈದು ಸುತ್ತಿಗೆ ಒಂದು ಕಿಲೋಮೀಟರ್. 2021ರಲ್ಲಿ, 2022ರಲ್ಲಿ ಮುಂಬಯಿಯ ರಸ್ತೆಗಳಲ್ಲಿ ಮ್ಯಾರಥಾನ್ ನಡೆಯಲೇ ಇಲ್ಲ. 2023ಕ್ಕೆ ಮತ್ತೆ ಹೆಸರು ಕೊಟ್ಟೆ. ಆತುರಕ್ಕೆ ಬಿದ್ದು ವಾರಕ್ಕೆ ಐದು ದಿನ ಓಡಿ ಮುಂಗಾಲಿನ ಮೂಳೆ ನೋಯಿಸಿಕೊಂಡು ಡಿಸೆಂಬರಿನಲ್ಲಿ ಕೈಬಿಟ್ಟೆ. ನಡುವೆ ಊರಿಗೆ ಹೋದಾಗ ಬಸ್‌ಸ್ಟ್ಯಾಂಡಿನ ಹೋಟೆಲಿನವರು "ಓಟದ ಬ್ಯಾಂಕಿನವರಿಗೆ ಚಾ" ಎಂದು ಒಳಗೆ ಕೂಗಿ ಹೇಳಿದರು. ಚಾಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಸಾಲ ಹೀಗೆ ಬೆಳೆಯುತ್ತಲೇ ಇತ್ತು.

2023ರ ಆಗಸ್ಟಿನಲ್ಲಿ ನರ್ಸಿನ ಮುಂದೆ ಎಲ್ಲ ಒಪ್ಪಿಕೊಂಡೆ. ಮೊದಲು ಹೃದಯದ ಪರೀಕ್ಷೆ ಮಾಡಿಸಿ ಬನ್ನಿ, ಟ್ರೆಡ್‌ಮಿಲ್ ಟೆಸ್ಟ್ ಆಗದೆ ನಾನು ಮಾತಾಡುವುದಿಲ್ಲ ಎಂದರು. ಅದು ಸರಿ ಬಂದ ಮೇಲೆ ಕ್ರಮ ಹೇಳಿಕೊಟ್ಟರು. ವಾರಕ್ಕೆ ಮೂರೇ ದಿನ ಓಟ. ಭಾನುವಾರ ಮಾತ್ರ ದೂರದ್ದು, ಅದೂ ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಬೇಕು, ಮೂರು ವಾರಕ್ಕೊಮ್ಮೆ ಇಳಿಸಬೇಕು. ಓಡುವಾಗ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಏದುಸಿರು ಬಂದರೆ ಜೋರಾಯಿತೆಂದು ಅರ್ಥ. ಪಕ್ಕದಲ್ಲಿ ಮಾತಾಡಲು ಯಾರೂ ಇಲ್ಲದಾಗ ನಾನು ಹದಿನೇಳರ ಮಗ್ಗಿ ಹೇಳುತ್ತಿದ್ದೆ. ಬೆಳಗಿನ ಕತ್ತಲೆಯಲ್ಲಿ ಮುದುಕನೊಬ್ಬ ಕನ್ನಡದಲ್ಲಿ ಮಗ್ಗಿ ಹೇಳುತ್ತ ಬರುವುದನ್ನು ಕಂಡು ಚಿರತೆಗಳೂ ದೂರ ಸರಿದಿರಬೇಕು. ಓಟಕ್ಕೆ ಎರಡು ವಾರ ಮೊದಲು ಓಟ ಕಡಿಮೆ ಮಾಡಿ ದೇಹಕ್ಕೆ ವಿಶ್ರಾಂತಿ ಕೊಡಬೇಕು. ಆ ದಿನ ಹೊಸದೇನೂ ಮಾಡಬಾರದು, ಹೊಸ ಶೂ ಇಲ್ಲ, ಹೊಸ ತಿಂಡಿ ಇಲ್ಲ. ಮುಂಬಯಿಯ ಸೆಕೆಯಲ್ಲಿ ಬೆವರಿನ ಜೊತೆ ಉಪ್ಪು ಹೋಗುತ್ತದೆ, ಬರೀ ನೀರು ಕುಡಿದರೆ ಸಾಲದು.

ಹಾಡಿನ ಬಗ್ಗೆ ಆಕೆಯ ಅಭಿಪ್ರಾಯ ಕಟುವಾಗಿತ್ತು, ಬೇಡವೇ ಬೇಡ. ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಓದಿ ನೋಡಿದೆ. ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದಲ್ಲಿ ಕೋಸ್ಟಾಸ್ ಕರಾಜಿಯೋರ್ಗಿಸ್ ಎಂಬವರು ಇದನ್ನೇ ದಶಕಗಳಿಂದ ಅಭ್ಯಾಸ ಮಾಡಿದ್ದಾರೆ. ಅವರ ಕೆಲಸದ ಸಾರ ಇಷ್ಟು: ಸಾಧಾರಣ ವೇಗದ ಓಟದಲ್ಲಿ ಹಾಡು ಆಯಾಸವನ್ನು ಮರೆಸುತ್ತದೆ, ದೇಹ ತನ್ನ ಮಿತಿಯ ಹತ್ತಿರ ಬಂದ ಮೇಲೆ ಮರೆಸುವ ಶಕ್ತಿ ಅದಕ್ಕೆ ಅಷ್ಟಿಲ್ಲ. ನನಗೆ ಪೆಡ್ಡರ್ ರೋಡಿನಲ್ಲಿ ಆದದ್ದು ಇದೇ. ಹಾಡು ಮೊದಲು ನನ್ನಿಂದ ಹೆಚ್ಚು ಖರ್ಚು ಮಾಡಿಸಿತು, ಕಷ್ಟ ಬಂದಾಗ ಕೈಬಿಟ್ಟಿತು. ಇಂಥ ಜಾಮೀನುದಾರರನ್ನು ನಾನು ಬ್ಯಾಂಕಿನಲ್ಲಿ ಎಷ್ಟು ಕಂಡಿಲ್ಲ!

ಸೆಪ್ಟೆಂಬರಿನ ಒಂದು ಮಳೆ ಬೆಳಿಗ್ಗೆ, ಮಗಳ ಹಾಡುಗಳನ್ನು ಅಳಿಸಿ, ಹಳೆಯ ಕ್ಯಾಸೆಟ್ಟಿನಿಂದ ಫೋನಿಗೆ ಇಳಿಸಿಟ್ಟಿದ್ದ ಕಾಳಿಂಗ ನಾವಡರ ಭಾಗವತಿಕೆ ಹಾಕಿಕೊಂಡೆ. ಬಡಗುತಿಟ್ಟಿನ ಆ ಭಾಗವತರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಮುಂಬಯಿಯ ನಮ್ಮ ಕಡೆಯವರ ಹೋಟೆಲುಗಳಲ್ಲಿ ಮಾತೇ ಹೊರಡದ ಹಾಗಾಗಿತ್ತು. ಯಕ್ಷಗಾನಕ್ಕೂ ಓಟಕ್ಕೂ ಏನು ಸಂಬಂಧ ಎನ್ನಬೇಡಿ. ಪ್ರಸಂಗ ನಿಧಾನವಾಗಿ ಏಳುತ್ತದೆ. ಪೂರ್ವರಂಗ, ಒಡ್ಡೋಲಗ, ಮಾತು, ಬಿಡುವು. ಯುದ್ಧ ಬರುವುದು ಬೆಳಗಿನ ಜಾವಕ್ಕೆ, ಆಗಲೇ ಚೆಂಡೆಗೆ ಪೂರ್ತಿ ಕೈ. ಸಂಜೆಯೇ ಯುದ್ಧದ ಪೆಟ್ಟು ಬಾರಿಸಿದರೆ ರಾತ್ರಿ ಕಳೆಯುವುದು ಹೇಗೆ? ಗದಗಿನ ಭೀಮಸೇನ ಜೋಶಿಯವರ ಖ್ಯಾಲ್ ಕೇಳಿದವರಿಗೂ ಇದು ಗೊತ್ತು, ವಿಲಂಬಿತದಲ್ಲಿ ಕಾದವರಿಗೇ ದ್ರುತ್. ನಮ್ಮ ಮಣ್ಣಿನ ಸಂಗೀತಕ್ಕೆಲ್ಲ ದೂರದ ಓಟದ ಲೆಕ್ಕ ಗೊತ್ತಿದೆ, ಮೂರೂವರೆ ನಿಮಿಷದ ಸಿನಿಮಾ ಹಾಡಿಗೆ ಗೊತ್ತಿಲ್ಲ. ಹಾಗೆಂದು ಇದನ್ನು ಎಲ್ಲರಿಗೂ ಶಿಫಾರಸು ಮಾಡುವುದಿಲ್ಲ. ಒಮ್ಮೆ ಮಹಿಷಾಸುರನ ಪ್ರವೇಶ ಬಂದಾಗ ಮೈಮರೆತು ಒಂದು ಕುಪ್ಪಳಿಸಿ ಬೀಳುವುದರಲ್ಲಿದ್ದೆ.

ಆ ಚೆಂಡೆಯ ಸದ್ದಿನೊಡನೆ ಇನ್ನೊಂದು ನೆನಪೂ ಬಂತು. ನಾನು ಎಂಟು ಹತ್ತು ವರ್ಷದವನಿದ್ದಾಗ ಬಯಲಾಟದ ದಿನ ಸಂಜೆ ಕೇಳಿ ಬಾರಿಸುತ್ತಿದ್ದರು. ಆಟವಿದೆ, ಬನ್ನಿ ಎಂದು ಸುತ್ತಲಿನ ಊರುಗಳಿಗೆ ಚೆಂಡೆಯಲ್ಲೇ ಹೇಳುವ ಕ್ರಮ. ಎರಡು ಮೂರು ಮೈಲಿಗೆ ಕೇಳುತ್ತಿತ್ತು. ಅಪ್ಪ ಸೂಡಿ ಹಚ್ಚಿಕೊಂಡು ಮುಂದೆ, ನಾನು ಹಿಂದೆ. ಕೊಯ್ಲಾದ ಗದ್ದೆಗಳ ನಡುವೆ ನಡೆಯುತ್ತ ಹೋದರೆ ದೂರದಲ್ಲಿ ಗ್ಯಾಸ್‌ಲೈಟಿನ ಬೆಳಕು ಕಾಣುತ್ತಿತ್ತು. ಎಷ್ಟು ನಡೆದರೂ ಅದು ಹತ್ತಿರ ಬರುವುದೇ ಇಲ್ಲ. ಕಾಲು ನೋಯುತ್ತದೆಂದು ನಾನು ಅಳುತ್ತಿದ್ದೆ. ಅಪ್ಪ ಎತ್ತಿಕೊಳ್ಳುತ್ತಿರಲಿಲ್ಲ. "ದೀಪ ನೋಡಬೇಡ. ಮುಂದಿನ ಅಂಚು ನೋಡು. ಅಂಚು ಹತ್ತಿದ ಮೇಲೆ ಅದರ ಮುಂದಿನದು." ಅಷ್ಟೇ ಹೇಳುತ್ತಿದ್ದರು. ಮಾತು ಕಡಿಮೆಯ ಮನುಷ್ಯ. ಅವರು ಹೋಗಿ ಮೂವತ್ತು ವರ್ಷ ಕಳೆದಿವೆ.

ಓಟಗಾರರ ಮನೋಬಲದ ಬಗ್ಗೆ ಈಗ ಪುಸ್ತಕಗಳು ಬಹಳ. ದೂರವನ್ನು ತುಂಡು ತುಂಡು ಮಾಡಿಕೊಳ್ಳಿ, ಮುಂದಿನ ದೀಪದ ಕಂಬದವರೆಗೆ ಮಾತ್ರ ಯೋಚಿಸಿ ಎನ್ನುತ್ತವೆ ಅವು. ನಿಮಗೆ ನೀವೇ ಒಂದು ಮಾತು ಹೇಳಿಕೊಳ್ಳಿ ಎನ್ನುತ್ತವೆ. ಪಂಜಾಬಿನಲ್ಲಿ ಹುಟ್ಟಿ ಇಂಗ್ಲೆಂಡಿಗೆ ಹೋದ ಫೌಜಾ ಸಿಂಗ್ ಎಂಬತ್ತೊಂಬತ್ತರ ವಯಸ್ಸಿನಲ್ಲಿ, 2000ದ ಲಂಡನ್ ಮ್ಯಾರಥಾನಿನಲ್ಲಿ ಮೊದಲ ಸಲ ಓಡಿದರು. 2011ರಲ್ಲಿ ಟೊರಾಂಟೊದಲ್ಲಿ ನೂರರ ವಯಸ್ಸಿನಲ್ಲಿ ಪೂರ್ಣ ಮ್ಯಾರಥಾನ್ ಮುಗಿಸಿದರು. ಜನನ ಪ್ರಮಾಣಪತ್ರ ಇಲ್ಲವೆಂದು ಗಿನ್ನೆಸ್‌ನವರು ದಾಖಲೆ ಒಪ್ಪಲಿಲ್ಲ. ಕೆವೈಸಿ ಪೂರ್ತಿಯಾಗದೆ ಖಾತೆ ತೆರೆಯಲು ಬಿಡದ ನಮ್ಮಂಥವರೇ ಅಲ್ಲೂ ಕೂತಿದ್ದರೆಂದು ಕಾಣುತ್ತದೆ. ಮಗನನ್ನು ಕಳೆದುಕೊಂಡ ದುಃಖದಿಂದ ಹೊರಬರಲು ಅವರು ಓಟಕ್ಕಿಳಿದದ್ದು ಎಂದು ಓದಿದಾಗ ನನ್ನ ಸಂಕಟ ಎಷ್ಟು ಸಣ್ಣದೆನಿಸಿತು. 2025ರ ಜುಲೈಯಲ್ಲಿ ಪಂಜಾಬಿನ ತಮ್ಮ ಹಳ್ಳಿಯ ಹತ್ತಿರ ರಸ್ತೆಯಲ್ಲಿ ವಾಹನ ಬಡಿದು ಅವರು ಹೋದರು. ಪತ್ರಿಕೆ ಹಿಡಿದು ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

2024ರ ಜನವರಿ 21. ಹಾಫ್ ಈ ಸಲ ಮಾಹಿಮಿನ ರೇತಿ ಬಂದರಿನಿಂದ. ಬೆಳಗಿನ ಜಾವ ಎರಡೂವರೆಗೆ ಎದ್ದು ಅವಲಕ್ಕಿ ಮೊಸರು, ಒಂದು ಬಾಳೆಹಣ್ಣು. ಕಾಲ್ಬೆರಳ ಸಂದಿಗೆ ವ್ಯಾಸಲೀನ್. ಕಿವಿಗೆ ಹಾಕುವ ಯಂತ್ರವನ್ನು ಜೇಬಿಗಿಟ್ಟುಕೊಂಡಿದ್ದೆ. ಆದರೆ ಓಟ ಶುರುವಾಗಿ ಬಾಂದ್ರಾ-ವರ್ಲಿ ಸೀ ಲಿಂಕ್ ಹತ್ತಿದಾಗ ಅದನ್ನು ಹಾಕಿಕೊಳ್ಳುವ ಮನಸ್ಸಾಗಲಿಲ್ಲ. 2009ರಲ್ಲಿ ತೆರೆದ ಆ ಸೇತುವೆಯ ಮೇಲೆ ಕಾಲ್ನಡಿಗೆಗೆ ಅವಕಾಶವಿಲ್ಲ, ಓಟದ ದಿನ ಮಾತ್ರ ಮನುಷ್ಯರ ಕಾಲಿಗೆ ಸಿಗುವುದು. ಎರಡೂ ಕಡೆ ಕತ್ತಲೆಯ ಸಮುದ್ರ, ಗಾಳಿ, ಮೇಲೆ ದೀಪದ ಸಾಲು. ಹಾರ್ನ್ ಇಲ್ಲ, ಎಂಜಿನ್ ಇಲ್ಲ. ಸಾವಿರಾರು ಜೋಡಿ ಶೂಗಳು ಕಾಂಕ್ರೀಟಿಗೆ ಬಡಿಯುವ ಸದ್ದು ಮಾತ್ರ, ಒಂದೇ ಸಮನೆ. ಮುಂಬಯಿ ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ದೂರದಿಂದ ಕೇಳಿ ಬಾರಿಸಿದ ಹಾಗಿತ್ತು.

ಜನ ನನ್ನನ್ನು ದಾಟಿಕೊಂಡು ಹೋಗುತ್ತಿದ್ದರು. ಹೋಗಲಿ. ಕಿಲೋಮೀಟರಿಗೆ ಎಂಟೂವರೆ, ಅದಕ್ಕಿಂತ ಬೇಗ ಇಲ್ಲ ಎಂದು ನನಗೆ ನಾನೇ ಸರ್ಕ್ಯುಲರ್ ಹೊರಡಿಸಿಕೊಂಡಿದ್ದೆ. ವರ್ಲಿಯಲ್ಲಿ ಬೆಳಕು ಹರಿಯಿತು. ಹಾಜಿ ಅಲಿಯಲ್ಲಿ ಒಂದು ಮಗು ಕಿತ್ತಳೆಯ ತೊಳೆ ಕೊಟ್ಟಿತು. ಪೆಡ್ಡರ್ ರೋಡಿನ ಏರು ಬಂತು. ಅಲ್ಲಿನ ನಿವಾಸಿಗಳು ಫುಟ್‌ಪಾತಿನಲ್ಲಿ ಮೇಜು ಹಾಕಿ ಬಿಸ್ಕತ್ತು, ಚಿಕ್ಕಿ, ಉಪ್ಪು ಇಟ್ಟಿರುತ್ತಾರೆ. ಒಂದು ಕಡೆ ಢೋಲ್ ತಾಶಾ. ಲತಾ ಮಂಗೇಶ್ಕರರು ಬಹುಕಾಲ ವಾಸಿಸಿದ್ದ ಪ್ರಭು ಕುಂಜ ಇರುವುದು ಇದೇ ರಸ್ತೆಯಲ್ಲಿ. 2020ರಲ್ಲಿ ನಾನು ಕುಂಟುತ್ತ ಹೋದಾಗ ಅವರಿದ್ದರು, ಈಗ ಇರಲಿಲ್ಲ. ತೊಡೆ ಮೊದಲಿನ ಹಾಗೇ ಬಿಗಿಯಿತು, ಮೀನಖಂಡವೂ ಎಳೆಯಿತು. ವ್ಯತ್ಯಾಸವೆಂದರೆ ಈ ಸಲ ನಡೆಯಲು ನಾಚಿಕೆಯಾಗಲಿಲ್ಲ. ಒಂದು ದೀಪದ ಕಂಬದಿಂದ ಮುಂದಿನದಕ್ಕೆ ನಡಿಗೆ, ಅಲ್ಲಿಂದ ಮುಂದಿನದಕ್ಕೆ ಓಟ. ಮುಂದಿನ ಅಂಚು, ಅದರ ಮುಂದಿನದು. ನಾನು ಕೂತಿದ್ದ ಫುಟ್‌ಪಾತು ಬಂತು. ಅಲ್ಲೊಬ್ಬ, ನನ್ನ ಮಗಳ ವಯಸ್ಸಿನವನು, ಕಾಲು ಹಿಡಿದುಕೊಂಡು ಕೂತಿದ್ದ. "ಕಮ್ ಆನ್" ಎನ್ನಬಾರದೆಂದು ನನಗೆ ಗೊತ್ತಿತ್ತು. ನನ್ನ ಉಪ್ಪಿನ ಪೊಟ್ಟಣ ಕೊಟ್ಟು, "ನಡೆದರೂ ಸಾಕು, ಟೈಮ್ ಇದೆ" ಎಂದು ಹಿಂದಿಯಲ್ಲಿ ಹೇಳಿದೆ. ಎದ್ದನೋ ಇಲ್ಲವೋ ನೋಡಲಿಲ್ಲ.

ಮರೀನ್ ಡ್ರೈವ್ ಅಷ್ಟು ಉದ್ದವಿದೆಯೆಂದು ಕಾರಿನಲ್ಲಿ ಹೋಗುವವರಿಗೆ ತಿಳಿಯದು. ಬಿಸಿಲು ನೇರ ಮುಖಕ್ಕೆ. ಕೊನೆಗೆ ವಿ.ಟಿ.ಯ ಕಡೆ ತಿರುಗಿ ಗೆರೆ ದಾಟಿದಾಗ ಮೂರು ಗಂಟೆ ಆರು ನಿಮಿಷ. ಸ್ಟೇಷನ್ನಿನ ಹೆಸರು ಎರಡು ಸಲ ಬದಲಾಗಿ ಈಗ ಸಿ.ಎಸ್.ಎಂ.ಟಿ., ನಮ್ಮ ಕಾಲದವರ ಬಾಯಲ್ಲಿ ವಿ.ಟಿ.ಯೇ. 1980ರಲ್ಲಿ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದು ಈ ಊರಿಗೆ ಬಂದವನು ಮೊದಲು ಬೆರಗಾಗಿ ನಿಂತು ನೋಡಿದ ಕಟ್ಟಡ ಅದು. ಹುಡುಗಿಯೊಬ್ಬಳು ಕೊರಳಿಗೆ ಪದಕ ಹಾಕಿದಳು. ಅಳು ಬರುತ್ತದೆಂದುಕೊಂಡಿದ್ದೆ. ಬರಲಿಲ್ಲ, ಹಸಿವಾಗಿತ್ತು.

ಫೋನು ಸಾಮಾನಿನ ಚೀಲದಲ್ಲಿತ್ತು. ತೆಗೆದು ನೋಡಿದರೆ ಹೆಂಡತಿಯ ಹದಿನಾಲ್ಕು ಕರೆ. ಅಷ್ಟು ಹೊತ್ತು ಸುದ್ದಿಯಿಲ್ಲದೆ ಹೆದರಿದ್ದಳು. ಆ ದಿನದ ಓಟದಲ್ಲಿ ಇಬ್ಬರು ಪ್ರಾಣ ಕಳೆದುಕೊಂಡರು, ಅವರಲ್ಲಿ ಒಬ್ಬರಿಗೆ ಎಪ್ಪತ್ನಾಲ್ಕು ವರ್ಷ. ಸಂಜೆ ಅದು ತಿಳಿದಾಗ ಮನೆಯಲ್ಲಿ ಪದಕದ ಮಾತು ನಿಂತಿತು. ಹೆಂಡತಿ ಹೇಳಿದ್ದು ಇಷ್ಟೇ: "ನಿಮ್ಮ ಲೆಕ್ಕ ಸರಿಯಾಯಿತಲ್ಲ. ಇನ್ನು ಹತ್ತು ಕಿಲೋಮೀಟರಿಗಿಂತ ಹೆಚ್ಚು ಬೇಡ." ಒಪ್ಪಿದೆ. ಈಗಲೂ ಅದನ್ನೇ ಪಾಲಿಸುತ್ತಿದ್ದೇನೆ. ವರ್ಷಕ್ಕೊಮ್ಮೆ ಟೆಸ್ಟು ಮಾಡಿಸುತ್ತೇನೆ. ಅರುವತ್ತು ದಾಟಿ ಓಟಕ್ಕಿಳಿಯುವ ಊರಿನ ಗೆಳೆಯರಿಗೆ ಶೂ ಕೊಳ್ಳುವ ಮೊದಲು ಇದನ್ನು ಮಾಡಿಸಿ ಎನ್ನುತ್ತೇನೆ.

ಆದರೆ ಲೆಕ್ಕ ಸರಿಯಾಗಿರಲಿಲ್ಲ. ಫೆಬ್ರವರಿಯಲ್ಲಿ ಮತ್ಸ್ಯಗಂಧ ಹತ್ತಿ ಕುಂದಾಪುರದಲ್ಲಿಳಿದು ಮನೆಗೆ ಹೋದೆ. ಅಮ್ಮ ಚಾವಡಿಯಲ್ಲಿ ಹೂಬತ್ತಿ ಹೊಸೆಯುತ್ತ ಕೂತಿದ್ದರು. ತೊಂಬತ್ತು ವರ್ಷ, ಕಣ್ಣು ಮಂದವಾದರೂ ಬೆರಳಿಗೆ ಅಭ್ಯಾಸ. ಪದಕವನ್ನು ಅವರ ಕೈಯಲ್ಲಿಟ್ಟೆ. ಸವರಿ ನೋಡಿದರು, ಭಾರ ನೋಡಿದರು. "ಹಿತ್ತಾಳೆಯಾ?" ಎಂದರು. ಆಮೇಲೆ, "ಹೋದ ಸಲದ್ದು ಎಲ್ಲಿ?"

ಹೇಳಿಬಿಟ್ಟೆ. ಕೆಂಪ್ಸ್ ಕಾರ್ನರ್, ಗ್ರಾಂಟ್ ರೋಡ್, ಲೋಕಲ್ಲಿನ ಸೀಟು, "ಆಯ್ತಮ್ಮ" ಎಂದದ್ದು, ಎಲ್ಲ. ದೇವರ ಹೆಸರಿನಲ್ಲಿ ಅರುವತ್ತು ಜನ ಉಂಡದ್ದು ಸುಳ್ಳಿನ ಊಟವಾಯಿತು, ತಪ್ಪುಕಾಣಿಕೆ ಏನಾದರೂ ಹಾಕಬೇಕಾ ಎಂದು ಕೇಳಿದೆ. ಅರುವತ್ತಾರರ ಪ್ರಾಯದವನಿಗೆ ಗಂಟಲು ಒಣಗಿತ್ತು.

ಅಮ್ಮ ಒಂದು ಬತ್ತಿ ಮುಗಿಸಿ ಇನ್ನೊಂದಕ್ಕೆ ಹತ್ತಿ ತೆಗೆದುಕೊಂಡರು. "ಉಂಡವರ ಹೊಟ್ಟೆ ತುಂಬಿದ್ದು ಸುಳ್ಳಾ?" ಎಂದರು. ಸ್ವಲ್ಪ ಯೋಚಿಸಿ, "ನಾಲ್ಕು ವರ್ಷ ಮೊದಲೇ ಕೊಟ್ಟದ್ದು ಅಂತಾಯ್ತು. ಹಾಗಾದರೆ ಈ ಸಲ ಬೇರೆ ರಂಗಪೂಜೆ ಬೇಡ. ನಾನು ಇದಕ್ಕೂ ಹೇಳಿಕೊಂಡಿದ್ದೆ. ಒಂದು ಉಳಿಯಿತು."

ನಾನು ಮೂವತ್ತೇಳು ವರ್ಷ ಬ್ಯಾಂಕಿನಲ್ಲಿದ್ದೆ. ಈ ಅಡ್ಜಸ್ಟ್‌ಮೆಂಟ್ ಎಂಟ್ರಿ ನನಗೆ ಹೊಳೆದಿರಲಿಲ್ಲ.

ಊಟಕ್ಕೆ ಏಳುವಾಗ ಅಮ್ಮ ಜಗಲಿಯ ಮೇಲಿಟ್ಟಿದ್ದ ನನ್ನ ಓಟದ ಶೂ ಕಡೆ ಬಗ್ಗಿ ನೋಡಿದರು. "ಇದಕ್ಕೆ ಎಷ್ಟು ಕೊಟ್ಟೆ?"

ಏಳು ಸಾವಿರದ ಐನೂರು ಕೊಟ್ಟಿದ್ದೆ.

"ಒಂದೂವರೆ ಸಾವಿರ ಅಮ್ಮ" ಎಂದೆ.

"ಹೆಚ್ಚಾಯ್ತು" ಎಂದು ಒಳಗೆ ಹೋದರು.